ಗೊಬ್ಬರದ ಚೀಲದ ಒಗಟು ಬಿಡಿಸಿಕೊಟ್ಟವರಿಗೆ

ಹೋದ ಭಾನುವಾರ ನನ್ನ ಜಾವಾ ಬೈಕು ಹಾಸನದಿಂದ ಬೇಲೂರಿಗೆ ಹೋಗಿ ವಾಪಸ್ ಬಂತು. ಹೆಚ್ಚುಕಮ್ಮಿ 80 ಕಿಲೋಮೀಟರು. ಎಲ್ಲೂ ನಿಲ್ಲಲಿಲ್ಲ, ನಾನು ತಳ್ಳಲೂ ಇಲ್ಲ. 14 ತಿಂಗಳು ಶೆಡ್ಡಿನಲ್ಲಿ ಕೋಳಿ ಕೂರೋಕೆ ಆಗಿದ್ದ ಗಾಡಿ ಇದು. ಹಾಗಾಗಿ ಕೆಲವರಿಗೆ ಎಲ್ಲರ ಮುಂದೆಯೇ ಥ್ಯಾಂಕ್ಸ್ ಹೇಳಬೇಕು ಅನಿಸಿತು.

ಗಾಡಿ 1969ರ ಮಾಡೆಲ್, ಜಾವಾ 250. ಅರಕಲಗೂಡಿನ ಹತ್ತಿರ ಒಬ್ಬ ಮೇಷ್ಟ್ರ ಮನೆಯಿಂದ ತಂದದ್ದು. ಮೇಷ್ಟ್ರು ತೀರಿಕೊಂಡು ಆರು ವರ್ಷವಾಗಿತ್ತು. ದುಡ್ಡು ಎಣಿಸಿ ಕೊಟ್ಟು ಹೊರಡುವಾಗ ಅವರ ಮನೆಯವರು ಒಳಗಿಂದ ಒಂದು ಯೂರಿಯಾ ಚೀಲ ಎಳೆದುಕೊಂಡು ಬಂದರು. "ಇದೂ ಗಾಡೀದೇ ಕಣಪ್ಪ. ಯಜಮಾನ್ರು ಒಂದು ನಟ್ಟನ್ನೂ ಬಿಸಾಕೋಕೆ ಬಿಡ್ತಿರ್ಲಿಲ್ಲ. ತಗೊಂಡ್ಹೋಗು" ಅಂದರು. ಎತ್ತಿದರೆ ಇಪ್ಪತ್ತು ಕೇಜಿ ಮೇಲಿತ್ತು.

ಮನೆಗೆ ಬಂದು ಹಳೇ ಪೇಪರ್ ಹಾಸಿ ಸುರಿದೆ. ಪಿಸ್ಟನ್ನು, ಚೈನಿನ ತುಂಡು, ಕ್ಲಚ್ ಪ್ಲೇಟು ಗೊತ್ತಾಯಿತು. ಮಿಕ್ಕಿದ್ದು ಏನು ಅಂತ ತಲೆಬುಡ ತಿಳಿಯಲಿಲ್ಲ. ಕುಡುಗೋಲು ಮುರಿದ ಹಾಗಿರೋ ಒಂದು ಕಬ್ಬಿಣ. ಪಂಪ್‌ಸೆಟ್ಟಿನದ್ದಿರಬೇಕು ಅನಿಸಿದ, ಮಡಿಕೆ ಮಡಿಕೆಯ ಎರಡು ರಬ್ಬರ್ ಕೊಳವೆ. ಪಾಲಿಶ್ ಡಬ್ಬಿಯೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ದಪ್ಪ ಮೊಳೆ. ಮೊಳೆಯನ್ನ ಯಾಕಪ್ಪ ಬಟ್ಟೆಯಲ್ಲಿ ಸುತ್ತಿಡ್ತಾರೆ ಅಂತ ನಕ್ಕು ಬದಿಗಿಟ್ಟೆ.

ಆ ನಗು ಜಾಸ್ತಿ ದಿನ ಇರಲಿಲ್ಲ. ಗಾಡಿ ಒಂದು ವಾರ ಓಡಿ, ಬೀದಿ ತುಂಬ ಬಿಳಿ ಹೊಗೆ ಬಿಟ್ಟು ನಿಂತಿತು. ಒಂದು ದೊಡ್ಡ ವರ್ಕ್‌ಶಾಪಿಗೆ ಕೊಟ್ಟೆ. ಸಿಲಿಂಡರಿನ ಒಳಗೋಡೆ ಕೊರೆಸಿ ಬೋರು ಹೊಡೆಸಿದರು, ಹೊಸ ಪಿಸ್ಟನ್ ಹಾಕಿದರು, ದುಡ್ಡು ತಗೊಂಡರು. ಹೊಗೆ ಹಾಗೇ ಇತ್ತು. ಆಮೇಲೆ ಫೋನೇ ಎತ್ತಲಿಲ್ಲ. ಅವರ ವಿಷಯ ಇಷ್ಟು ಸಾಕು.

ಮೊದಲ ನಮಸ್ಕಾರ ಮೈಸೂರು ಮಂಡಿಮೊಹಲ್ಲಾದ ನಮ್ಮ ಮೆಕ್ಯಾನಿಕ್ ಭಾಯ್‌ಗೆ. ಎಪ್ಪತ್ತು ದಾಟಿದೆ, ಈಗಲೂ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಗಾಡಿಯನ್ನು ಟೆಂಪೋದಲ್ಲಿ, ಚೀಲದ ಸಮೇತ ಒಯ್ದಿದ್ದೆ. ಅವರು ಗಾಡಿ ಕಡೆ ನೋಡಲೇ ಇಲ್ಲ. ಚೀಲಕ್ಕೇ ಕೈ ಹಾಕಿದರು. ಮೊಳೆ ಸಿಕ್ಕಿದ ಕೂಡಲೇ ಎದ್ದು ಹೋಗಿ ಹೆಡ್‌ಲೈಟಿನ ಮೇಲಿನ ತೂತಿಗೆ ಇಟ್ಟು ಹೆಬ್ಬೆರಳಲ್ಲಿ ಒತ್ತಿದರು. ಟಕ್ ಅಂತು. ಸ್ಪೀಡೋಮೀಟರಿನ ಪಕ್ಕದ ಕೆಂಪು ದೀಪ ಹತ್ತಿತು.

"ಇದೇ ಕೀ ಸಾರ್. ಹಳೇ ಜಾವಾಗೆ ಕೀ ಅಂದ್ರೆ ಇದೇ. ಕಳೆದುಹೋದ್ರೆ ಮನೇಲಿರೋ ಮೊಳೆ ಹಾಕ್ಕೊಂಡೇ ಓಡಿಸ್ತಿದ್ರು ಜನ."

ನಾನು ಅಲ್ಲಿವರೆಗೂ ಎರಡು ವೈರ್ ಜೋಡಿಸಿ ಸ್ಟಾರ್ಟ್ ಮಾಡುತ್ತಿದ್ದೆ. ಮೇಷ್ಟ್ರ ಮುಂದೆ ನಿಂತು ಬೈಸಿಕೊಂಡ ಹಾಗಾಯಿತು.

ಹೊಗೆಯ ಗುಟ್ಟೂ ಚೀಲದಲ್ಲೇ ಇತ್ತು. ಬಳೆಯಂಥ ಒಂದು ರಬ್ಬರ್ ರಿಂಗು, ಒಳಗೆ ಸಣ್ಣ ಸ್ಪ್ರಿಂಗ್. ಪಿಸ್ಟನ್ನಿನ ಕೆಳಗೆ ತಿರುಗೋ ಕ್ರ್ಯಾಂಕ್ ದಂಡದ ಪಕ್ಕ ಆಯಿಲ್ ನುಸುಳದಂತೆ ತಡೆಯೋ ಆಯಿಲ್ ಸೀಲ್ ಅದು. ಜಾವಾದಂಥ ಟೂ ಸ್ಟ್ರೋಕ್ ಎಂಜಿನ್, ಕ್ರ್ಯಾಂಕ್ ಕೂತಿರೋ ಕೇಸಿನ ಮೂಲಕವೇ ಉಸಿರಾಡುತ್ತೆ. ಕ್ಲಚ್ ಕಡೆಯ ಸೀಲ್ ಹೋದರೆ ಆ ಉಸಿರಿನ ಜೊತೆ ಗೇರ್ ಆಯಿಲನ್ನೂ ಎಳೆದುಕೊಂಡು ಸುಡುತ್ತೆ. ಅದಕ್ಕೇ ಹೊಗೆ. ಪಿಸ್ಟನ್ನಿನ ತಪ್ಪು ಏನೂ ಇರಲಿಲ್ಲ. ಭಾಯ್ ಹೇಳಿದ ಮೇಲೆ ಗೇರ್ ಆಯಿಲ್ ಅಳೆದರೆ ಅರ್ಧಕ್ಕೂ ಕಮ್ಮಿ! ಚೀಲದಲ್ಲಿದ್ದ ಸೀಲ್ ಒಣಗಿ ಹಪ್ಪಳ ಆಗಿತ್ತು, ಹಾಕೋ ಹಾಗಿರಲಿಲ್ಲ. ಆದರೆ ಸೀಮೆಎಣ್ಣೆಯಲ್ಲಿ ಉಜ್ಜಿದಾಗ ಅದರ ಮೇಲೆ ಮೂರು ಅಂಕಿ ಕಂಡವು. ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಎಲ್ಲಾ ಮಿಲಿಮೀಟರಿನಲ್ಲಿ. ಚೀಟಿಯಲ್ಲಿ ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋದೆ. ಹುಡುಗ ಗಾಡಿ ಯಾವುದು ಅಂತಲೂ ಕೇಳದೆ ಹೊಸ ಸೀಲ್ ಕೊಟ್ಟ. ಆ ಹುಡುಗನಿಗೂ ಒಂದು ಥ್ಯಾಂಕ್ಸ್.

ಎರಡನೆಯವರು ಮೈಸೂರಿನ ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದ ಹಿರಿಯರು. ಭಾಯ್‌ಗೆ ಗೊತ್ತಾಗದೇ ಉಳಿದದ್ದನ್ನು ಅವರ ಮನೆ ಜಗಲಿಗೆ ಒಯ್ದೆ. 1961ರಲ್ಲಿ ಗಾಡಿ ಬಿಡೋಕೆ ಶುರು ಮಾಡಿ, 1973ರಿಂದ ಯೆಜ್ಡಿ ಅಂತ ಹೆಸರು ಹಾಕಿಕೊಂಡು, 1996ರಲ್ಲಿ ಬಾಗಿಲು ಹಾಕಿದ ಫ್ಯಾಕ್ಟರಿ. ಅವರಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ. ಒಂದೊಂದನ್ನೇ ಕೈಗೆ ಕೊಟ್ಟೆ. ಬೆರಳಲ್ಲಿ ತಿರುವಿ ಹೆಸರು ಹೇಳುತ್ತಾ ಹೋದರು. ಕುಡುಗೋಲಿನ ತುಂಡು ಸೈಲೆನ್ಸರ್ ಪೈಪಿನ ರಿಂಗ್ ನಟ್ ಬಿಚ್ಚುವ ಹುಕ್ ಸ್ಪ್ಯಾನರ್. ನಾನು ಅದೇ ನಟ್ಟಿಗೆ ಉಳಿ, ಸುತ್ತಿಗೆಯಲ್ಲಿ ಹೊಡೆದಿದ್ದೆ ಅಂತ ಅವರಿಗೆ ಹೇಳಲಿಲ್ಲ. ತಲೆ ಬುಡ ಸರಿಯಿಲ್ಲದ ದಪ್ಪ ಬೋಲ್ಟು ಡೈನಮೋದೊಳಗೆ ತಿರುಗೋ ರೋಟರನ್ನು ಎಳೆಯುವ ಪುಲ್ಲರ್. ನಡುವಿನ ಬೋಲ್ಟ್ ತೆಗೆದು ಇದನ್ನ ತಿರುಗಿಸಿದರೆ ರೋಟರ್ ತಾನೇ ಕಳಚಿಕೊಂಡು ಬರುತ್ತೆ.

ಪಂಪ್‌ಸೆಟ್ಟಿನದು ಅಂದುಕೊಂಡಿದ್ದ ರಬ್ಬರ್ ಕೊಳವೆ ಮುಟ್ಟಿದ ಕೂಡಲೇ ನಕ್ಕರು. "ಪ್ಯಾಂಟಿಗೆ ಆಯಿಲ್ ಹಾರ್ತಿದೆ ಅಲ್ವಾ ನಿನಗೆ?" ಹೌದು, ಹಾರುತ್ತಿತ್ತು! ಜಾವಾದ ಚೈನು ಪೂರ್ತಿ ಮುಚ್ಚಿದ ಕೇಸಿನಲ್ಲಿ ಓಡುತ್ತದೆ. ಎಂಜಿನ್ನಿಗೂ ಕೇಸಿಗೂ ನಡುವೆ ಚೈನಿನ ಮೇಲಿನ ಎಳೆಗೊಂದು, ಕೆಳಗಿನ ಎಳೆಗೊಂದು ತೊಡಿಸುವ ತೋಳು ಅದು. ನನ್ನ ಗಾಡಿಯಲ್ಲಿ ಎರಡೂ ಇರಲಿಲ್ಲ. ಎರಡು ಪ್ಯಾಂಟ್ ಹಾಳಾಗಿದ್ದವು.

ಒಂದು ಸಾಮಾನು ಮಾತ್ರ ಇಬ್ಬರಿಗೂ ಗೊತ್ತಾಗಲಿಲ್ಲ. ಹೊಳೆಯೋ ಸಣ್ಣ ಡಬ್ಬಿ, ಪಕ್ಕದಲ್ಲಿ ಸೀಳು, ಒಂದು ಪುಟ್ಟ ಸ್ಕ್ರೂ. ಕಾರ್ಬುರೇಟರಿನದು ಅಂತ ಒಬ್ಬರು, ಡೈನಮೋದು ಅಂತ ಇನ್ನೊಬ್ಬರು. ವಾರಗಟ್ಟಲೆ ಮೇಜಿನ ಮೇಲಿತ್ತು. ಒಂದು ದಿನ ಅಮ್ಮ ಕಾಫಿ ಇಡೋಕೆ ಬಂದವರು ಎತ್ತಿ ನೋಡಿದರು. "ಇದು ಹೊಲಿಗೆ ಮಿಷಿನ್ನಿನ ಬಾಬಿನ್ ಕೇಸ್ ಕಣೋ. ಯಾರ ಮನೇದು ಎತ್ಕೊಂಡು ಬಂದಿದೀಯಾ?"

ಅರಕಲಗೂಡಿಗೆ ಹೋಗಿ ವಾಪಸ್ ಕೊಟ್ಟು ಬಂದೆ, ಜಾವಾದಲ್ಲೇ. ಮೇಷ್ಟ್ರ ಮನೆಯವರು ಅದನ್ನ ಸೆರಗಲ್ಲಿ ಒರೆಸುತ್ತಾ, "ಎಷ್ಟು ಹುಡುಕಿದ್ದೆ ನಾನು! ಕೇಳಿದ್ರೆ ನಾನ್ ನೋಡೇ ಇಲ್ಲ ಅಂದಿದ್ರು ಇವರು" ಅಂದರು. ಚೀಲ ಕೊಟ್ಟಿದ್ದಕ್ಕೆ ನಿಮಗೂ ನಮಸ್ಕಾರ ಅಮ್ಮ. ಚಕ್ಕುಲಿಗೆ ಬೇರೆ.

ನೋಂದಣಿ ಐದು ವರ್ಷಕ್ಕೆ ನವೀಕರಣವಾಗಿದೆ. ಚೀಲದಲ್ಲಿ ಲೂನಾದ ಒಂದು ಪಿಸ್ಟನ್ನು, ಸ್ಕೂಟರಿನ ಎರಡು ಬ್ರೇಕ್ ಶೂ, ಯೆಜ್ಡಿಯ ಒಂದು ಹ್ಯಾಂಡಲ್ ಗ್ರಿಪ್ಪು ಉಳಿದಿವೆ. ಬೇಕಾದವರು ಬಂದು ಸುಮ್ನೆ ತಗೊಂಡು ಹೋಗಿ. ಮೊಳೆ ಮಾತ್ರ ಕೇಳಬೇಡಿ.