ಆ ರಾತ್ರಿ ನಾಡಿ ಹಿಡಿದು ಕುಳಿತವರಿಗೆ

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಇಂದಿಗೆ ಒಂದು ತಿಂಗಳು. ದಿನವೂ ನುಂಗುತ್ತಿದ್ದ ಹೃದಯದ ಮಾತ್ರೆಯೇ ಮೈಯಲ್ಲಿ ಸೇರಿಕೊಂಡು ಅಪಾಯ ತಂದಿತ್ತೆಂದು ನಿಮಗೆಲ್ಲ ಗೊತ್ತೇ ಇದೆ. ಸರದಿಯಂತೆ ಆಸ್ಪತ್ರೆಯಲ್ಲಿ ಉಳಿದ ಅಣ್ಣ ಅತ್ತಿಗೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಎತ್ತಿದ ಗೆಳತಿಯರಿಗೆ, ಡಾಕ್ಟರಿಗೆ ನಾನು ಋಣಿ.

ಉಳಿದ ಮಾತೆಲ್ಲ ರಾತ್ರಿ ಪಾಳಿಯ ಆ ಸಿಸ್ಟರ್‌ಗೆ ಸಲ್ಲಬೇಕು.

"ದೀಪದ ಸುತ್ತ ಹಳದಿ ಬಳೆ ಕಾಣುತ್ತಿದೆ" ಎಂದು ಅಮ್ಮ ಗೊಣಗಿದಾಗ ನಾನು ಅದನ್ನು ನಿದ್ದೆಗಣ್ಣಿನ ಮಾತೆಂದುಕೊಂಡೆ. ಬಾಗಿಲವರೆಗೆ ಹೋಗಿದ್ದ ಸಿಸ್ಟರ್ ಹಿಂತಿರುಗಿ ಬಂದರು. "ಇನ್ನೊಮ್ಮೆ ಹೇಳಿ ಅಜ್ಜಿ" ಎಂದು ಮಣಿಕಟ್ಟು ಹಿಡಿದು, ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದರು. 42, ತೀರ ಕಡಿಮೆ. ನಾನು ಬರೆದಿಟ್ಟಿದ್ದ ಮಾತ್ರೆಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋಗಿ ಡಿಗಾಕ್ಸಿನ್ ಮೇಲೆ ನಿಲ್ಲಿಸಿದರು. ಹೃದಯ ಬಡಿತವನ್ನು ಹತೋಟಿಯಲ್ಲಿಡುವ ಮಾತ್ರೆ ಅದು; ಮೈಯಲ್ಲಿ ಹೆಚ್ಚಾದರೆ ನಾಡಿ ನಿಧಾನವಾಗಬಹುದು, ವಾಕರಿಕೆ ಬರಬಹುದು, ದೀಪದ ಸುತ್ತ ಹಳದಿ ಬಳೆ ಕಾಣಬಹುದು. ಡ್ಯೂಟಿ ಡಾಕ್ಟರ್ ಬಂದರು, ಮಾತ್ರೆ ನಿಂತಿತು, ರಕ್ತ ಪರೀಕ್ಷೆಗೆ ಹೋಯಿತು. ಬೆಳಗಾಗುವವರೆಗೂ ಸಿಸ್ಟರ್ ಮತ್ತೆ ಮತ್ತೆ ಬಂದು ನಾಡಿ ನೋಡಿದರು.

ನಡುವೆ, ಹಳೆಯ ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಅಮ್ಮನ ರಕ್ತದಲ್ಲಿ ಕ್ರಿಯೇಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ, 1.1. ವರದಿಯಲ್ಲಿ ನಾರ್ಮಲ್ ಎಂದೇ ಇತ್ತು. ಆದರೆ ಕ್ರಿಯೇಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಸವೆದ ಮುಪ್ಪಿನ ಮೈಯಲ್ಲಿ ಅದು ಹುಟ್ಟುವುದೇ ಕಡಿಮೆ. ಹಾಗಾಗಿ ಮೂತ್ರಪಿಂಡ ಸೋತಿದ್ದರೂ ಅಂಕಿ ಚೆನ್ನಾಗಿ ಕಾಣುತ್ತದೆ. 82 ವಯಸ್ಸು, 45 ಕಿಲೋ ತೂಕ ಸೇರಿಸಿ ಲೆಕ್ಕ ಹಾಕಿದರೆ ಅಮ್ಮನ ಮೂತ್ರಪಿಂಡ ಶೋಧಿಸುವುದು ನಿಮಿಷಕ್ಕೆ ಸುಮಾರು 28 ಮಿಲಿಲೀಟರ್. ಅದೇ 1.1 ಇರುವ 40 ವರ್ಷದ, 70 ಕಿಲೋ ತೂಕದ ಗಂಡಸಿಗೆ ಇದು 88ರ ಆಸುಪಾಸು. ಡಿಗಾಕ್ಸಿನ್ ಬಹುಪಾಲು ಮೂತ್ರದಲ್ಲೇ ಹೊರಹೋಗಬೇಕು. ಮೂತ್ರಪಿಂಡ ಗಟ್ಟಿಯಿದ್ದರೆ ಒಂದೂವರೆ ಎರಡು ದಿನದಲ್ಲಿ ಅರ್ಧ ಖಾಲಿಯಾಗುತ್ತದೆ. ಅಮ್ಮನ ಮೈಯಲ್ಲಿ ನಿನ್ನೆಯದು, ಮೊನ್ನೆಯದು ಕರಗುವ ಮೊದಲೇ ಇಂದಿನದು ಸೇರುತ್ತಿತ್ತು.

ಅದಕ್ಕೂ ಹತ್ತು ದಿನ ಮೊದಲಿನಿಂದ ಅಮ್ಮ ಊಟ ಬೇಡ, ವಾಕರಿಕೆ ಎನ್ನುತ್ತಿದ್ದಳು. ನಾನು ಹಟವೆಂದು ಗದರಿದೆ. ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿಸಿದವಳು ನಾನೇ. ಇದನ್ನು ಸಿಸ್ಟರ್‌ಗೆ ಹೇಳುವಾಗ ಅಳು ತಡೆಯಲಾಗಲಿಲ್ಲ. ಈಗ ಬರೆಯುವಾಗಲೂ ಅಷ್ಟೇ. "ನೀವು ಒಂದೊಂದನ್ನೂ ಬರೆದಿಟ್ಟಿದ್ದರಿಂದಲೇ ಇಷ್ಟು ಬೇಗ ಸಿಕ್ಕಿತು" ಎಂದರು ಅವರು. ಆ ಮಾತನ್ನು ಹಿಡಿದೇ ನಾನು ಬೆಳಗು ಕಂಡೆ.

ಡಾಕ್ಟರ್ ಈಗ ಔಷಧದ ಪ್ರಮಾಣ ಬದಲಿಸಿದ್ದಾರೆ. ಮೂತ್ರಪಿಂಡದ ಪರೀಕ್ಷೆ ಆಗಾಗ ನಡೆಯುತ್ತದೆ. ನಾಡಿ ಏರುಪೇರಾಗಿ ಬಡಿಯುವವರಿಗೆ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಲದೆಂದು ಕಲಿಸಿದವರೂ ನೀವೇ, ಸಿಸ್ಟರ್. ಇಂದು ಬೆಳಿಗ್ಗೆ ಪೂರ್ತಿ ನಿಮಿಷ ಎಣಿಸಿದೆ: 66. ಅಮ್ಮ ತಾನಾಗಿಯೇ ಊಟ ಕೇಳುತ್ತಿದ್ದಾಳೆ.