ಬೆರಳು ಸಡಿಲಿಸಲು ಕಲಿಯುತ್ತಿದ್ದೇನೆ, ಗೆಳೆಯಾ

ಪ್ರೀತಿಯ ಗೆಳೆಯಾ,

ಮ್ಯಾಂಡೋಲಿನ್ ಇನ್ನೂ ನುಡಿಸುತ್ತಿದ್ದೀಯಾ ಎಂದು ನೀನು ಕೇಳಿದ್ದೆ: ಹೌದು, ಬಿಟ್ಟಿಲ್ಲ. ಅದರ ಎಂಟನೆಯ ತಂತಿಯ ಬಗ್ಗೆಯೂ ಕೇಳಿದ್ದೆ: ಆ ಕಥೆಯನ್ನು ಇಲ್ಲಿ ಎಲ್ಲರೆದುರು ಹೇಳುವುದಿಲ್ಲ.

ಈ ತಿಂಗಳಿಡೀ ಒಂದೇ ಒಂದು ಜಿ ಕಾರ್ಡಿನೊಂದಿಗೆ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಒಂದು ಗುಂಪಿನೊಂದಿಗೆ, ಕಳೆಯಿತು. ಎರಡು ಬೆರಳಿಗೆ ದಕ್ಕುವ ಸುಲಭದ ಜಿ ನಿನಗೆ ಗೊತ್ತೇ ಇದೆ. ಇದು ನಾಲ್ಕೂ ಬೆರಳು ಕೇಳುತ್ತದೆ. ಎಂಟು ತಂತಿಗಳು ಜಿ, ಡಿ, ಎ, ಇ ಎಂಬ ನಾಲ್ಕು ಜೋಡಿ; ಅವುಗಳ ಕೆಳಗೆ ಫ್ರೆಟ್ ಎಂಬ ಲೋಹದ ಪಟ್ಟಿಗಳು. ಕಿರುಬೆರಳು ಜಿ ತಂತಿಯ 7ನೇ ಫ್ರೆಟ್‌ಗೆ, ಉಂಗುರ ಬೆರಳು ಡಿ ತಂತಿಯ 5ಕ್ಕೆ, ತೋರುಬೆರಳು ಎ ತಂತಿಯ 2ಕ್ಕೆ, ನಡುಬೆರಳು ಇ ತಂತಿಯ 3ಕ್ಕೆ. ಕಿರುಬೆರಳು ಅಲ್ಲಿಗೆ ಮುಟ್ಟುವಷ್ಟರಲ್ಲಿ ತೋರುಬೆರಳು ಜಾರಿರುತ್ತಿತ್ತು. ಜೋಡಿ ತಂತಿಯಲ್ಲಿ ಒಂದು ನುಡಿದರೆ ಇನ್ನೊಂದು ಗೊರಗುಟ್ಟುತ್ತಿತ್ತು. ಇನ್ನಷ್ಟು ಒತ್ತಿದೆ. ಹೆಬ್ಬೆರಳಿನ ಬುಡ ನೋಯತೊಡಗಿತು, ಗೊರಗೊರ ಸದ್ದು ಹೋಗಲಿಲ್ಲ.

ಕೊನೆಗೆ ಒಂದೊಂದೇ ಜೋಡಿಯನ್ನು ಮೀಟಿ ನೋಡಿದೆ. ಡಿ ತಂತಿಯ ಮೇಲಿನ ಬೆರಳು ಫ್ರೆಟ್‌ನಿಂದ ತೀರಾ ಹಿಂದೆ ಉಳಿದಿತ್ತು. ಲೋಹದ ಪಟ್ಟಿಯ ಅಂಚಿಗೆ ಸರಿಸಿದೆ, ಅರ್ಧ ಬಲಕ್ಕೇ ಸ್ವರ ಸ್ವಚ್ಛವಾಗಿ ಬಂತು! ಆ ಕ್ಷಣ ನೀನು ಪಕ್ಕದಲ್ಲಿರಬೇಕಿತ್ತು.

ಈಗ ಅದೇ ಕಾರ್ಡಿನಲ್ಲಿ ಚಾಪ್ ಎಂಬ ಕಡಿದ ಪೆಟ್ಟಿನ ಅಭ್ಯಾಸ. ಬಾರಿಸಿದ ಕೂಡಲೇ ಬೆರಳು ಸಡಿಲಿಸಬೇಕು, ಆದರೆ ತಂತಿಯಿಂದ ಎತ್ತಬಾರದು. ಸ್ವರ ‘ಟಕ್’ ಎಂದು ನಿಲ್ಲುತ್ತದೆ. ಅಮೆರಿಕದ ಬ್ಲೂಗ್ರಾಸ್ ಸಂಗೀತದ ತಂಡಗಳಲ್ಲಿ 2 ಮತ್ತು 4ನೇ ಎಣಿಕೆಗೆ ಬೀಳುವ ಈ ಪೆಟ್ಟೇ ಡ್ರಮ್ಮಿನ ಜಾಗ ತುಂಬುತ್ತದೆ. ಉಳಿದ ಹೊತ್ತು ಹಾಡುವವರದು.

ಅದನ್ನು ಕಲಿಯುತ್ತಿರುವಾಗಲೇ ನಮ್ಮ ಹಳೆಯ ಧ್ವನಿಮುದ್ರಣ ಕೇಳಿದೆ. ಎರಡನೆಯ ಚರಣದಲ್ಲಿ ನೀನು ಉಸಿರಿಗೆ ನಿಲ್ಲುತ್ತೀಯ. ಅಲ್ಲೂ ನಾನು ಬಾರಿಸುತ್ತಲೇ ಇದ್ದೇನೆ. ನೀನು ದನಿ ಏರಿಸುತ್ತೀಯ, ನಾನೂ ಏರಿಸುತ್ತೇನೆ. ಪೂರ್ತಿ ಹಾಡಿನಲ್ಲಿ ಒಮ್ಮೆಯೂ ನಿನ್ನನ್ನು ಕೇಳಿಸಿಕೊಂಡಿಲ್ಲ. ಆಮೇಲೆ ನೀನು ನನ್ನೊಂದಿಗೆ ಹಾಡುವುದನ್ನು ನಿಲ್ಲಿಸಿದೆ, ಪುರುಸೊತ್ತಿಲ್ಲ ಎಂದೆ. ನಾನು ನಂಬಿದವನಂತೆ ತಲೆಯಾಡಿಸಿದೆ. ನಿಜವಾದ ಕಾರಣ ನನಗೆ ಆಗಲೇ ಗೊತ್ತಿತ್ತು; ನಿನ್ನ ಬಾಯಿಂದ ಕೇಳುವ ಧೈರ್ಯವಿರಲಿಲ್ಲ. ಅದಕ್ಕೇ ಫೋನ್ ಕೂಡ ಕಡಿಮೆ ಮಾಡಿದೆ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ಇರಲಿ, ಒಂದು ಖುಷಿಯ ಸಂಗತಿ ಕೇಳು: ಸುಲಭದ ಜಿಯ ಎರಡೂ ಬೆರಳನ್ನು ಹಾಗೆಯೇ ಪಕ್ಕದ ತಂತಿಗೆ ಸರಿಸಿದರೆ ಸಿ ಕಾರ್ಡ್ ಸಿದ್ಧ. ಜೋಡಿಯಿಂದ ಜೋಡಿಗೆ ಪಂಚಮದ, ಅಂದರೆ ಸ-ಪ ನಡುವಿನಷ್ಟು, ಅಂತರವಿರುವುದರ ಸೊಗಸು ಅದು. ಡಿ ಕಾರ್ಡ್ ಸೇರಿಸಿಕೊಂಡರೆ ನಿನ್ನ ಆ ಹಾಡಿಗೆ ಸಾಕು. ಗಂಟಲು ಸರಿಮಾಡಿಕೊಂಡು ಬಾ. ಎಂಟನೆಯ ತಂತಿಯನ್ನು ಮಾತ್ರ ನೀನೇ ಶ್ರುತಿ ಮಾಡಬೇಕು.

ನಿನ್ನವ