ರೈಲಿಗೆ ಸ್ಟೀರಿಂಗ್ ಯಾಕಿಲ್ಲ?

ಪ್ರೀತಿಯ ಪುಟ್ಟಿ,

ಡ್ರೈವರ್ ಕೈಯಲ್ಲಿ ಸ್ಟೀರಿಂಗೇ ಇಲ್ಲದೆ ರೈಲು ತಿರುಗೋದು ಹೇಗೆ ಅಂತ ಕೇಳಿದ್ದೆ. ಸಕಲೇಶಪುರದ ಘಾಟಿಯಲ್ಲಿ ಗಾಲಿ ಕಿರುಚುವುದು ಯಾಕೆ ಅಂತಲೂ. ಎರಡಕ್ಕೂ ಉತ್ತರ ಗಾಲಿಯ ಆಕಾರದಲ್ಲೇ ಇದೆ.

ಗಾಲಿಯ ಒಳಬದಿಯಲ್ಲಿ ಎದ್ದು ನಿಂತ ಅಂಚು ಇರುತ್ತದಲ್ಲ, ಫ್ಲ್ಯಾಂಜ್, ಅದೇ ರೈಲನ್ನು ಹಳಿ ಬಿಡದಂತೆ ನಡೆಸುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನೇರ ದಾರಿಯಲ್ಲಿ ಅದಕ್ಕೆ ಕೆಲಸವೇ ಕಡಿಮೆ. ದಾರಿ ತೋರಿಸುವುದು ಹಳಿ ಮೇಲೆ ಉರುಳುವ ಮೈ. ಅದು ಸಪಾಟಾಗಿಲ್ಲ, ಓರೆಯಾಗಿದೆ. ಫ್ಲ್ಯಾಂಜ್ ಕಡೆ ದಪ್ಪ, ಹೊರಗೆ ಹೋದಂತೆ ಸಣ್ಣ. ನಮ್ಮ ರೈಲ್ವೆಯಲ್ಲಿ ಹಿಂದಿನಿಂದ ಬಂದ ಲೆಕ್ಕ 20ಕ್ಕೆ 1, ಅಂದರೆ 20 ಮಿ.ಮೀ. ಹೊರಗೆ ಹೋದರೆ ತ್ರಿಜ್ಯ 1 ಮಿ.ಮೀ. ಕಮ್ಮಿ.

ಇನ್ನೊಂದು ವಿಷಯ. ಎಡಬಲದ ಎರಡೂ ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದಿರುತ್ತಾರೆ. ಒಂದು ಬೇಗ, ಇನ್ನೊಂದು ನಿಧಾನ ಸುತ್ತುವ ಹಾಗಿಲ್ಲ. ತಿರುವಿನಲ್ಲಾದರೋ ಹೊರಹಳಿಯ ದಾರಿ ಉದ್ದ. ಅಲ್ಲಿ ಗಾಲಿಜೋಡಿ ಸ್ವಲ್ಪ ಹೊರಕ್ಕೆ ಜರುಗುತ್ತದೆ. 10 ಮಿ.ಮೀ. ಜರುಗಿತು ಅಂತಿಟ್ಟುಕೋ. ಹೊರಗಾಲಿ ತನ್ನ ದಪ್ಪ ಭಾಗದ ಮೇಲೆ ಉರುಳುತ್ತದೆ, ತ್ರಿಜ್ಯ ಅರ್ಧ ಮಿ.ಮೀ. ಜಾಸ್ತಿ. ಒಳಗಾಲಿಯದ್ದು ಅರ್ಧ ಮಿ.ಮೀ. ಕಮ್ಮಿ. ಪ್ರತಿ ಸುತ್ತಿಗೂ ಹೊರಗಾಲಿ ಸುಮಾರು 6 ಮಿ.ಮೀ. ಹೆಚ್ಚು ದೂರ ಹೋಗುತ್ತದೆ. ದೊಡ್ಡ ತಿರುವಿಗೆ ಅಷ್ಟು ಸಾಕು, ಜೋಡಿ ತಾನಾಗಿಯೇ ತಿರುಗುತ್ತದೆ. ಇದನ್ನು ಯೋಚಿಸಿದವರ ತಲೆಗೆ ಒಂದು ನಮಸ್ಕಾರ!

ಘಾಟಿಯ ಕಡಿದಾದ ತಿರುವಿಗೆ ಆ 6 ಮಿ.ಮೀ. ಸಾಲದು. ಗಾಲಿ ಜಾರುತ್ತದೆ, ಫ್ಲ್ಯಾಂಜ್ ಹಳಿಯ ಪಕ್ಕಕ್ಕೆ ಉಜ್ಜುತ್ತದೆ. ಕಿರುಚಾಟ ಹುಟ್ಟುವುದು ಅಲ್ಲೇ. ಇಂಥ ತಿರುವುಗಳಲ್ಲಿ ಹಳಿಯ ಬದಿಗೆ ಗ್ರೀಸ್ ಹಚ್ಚುವುದೂ ಇದಕ್ಕೇ.

ಹಾಗಾದರೆ ಓರೆ ಇನ್ನೂ ಜಾಸ್ತಿ ಕೊಡಬಹುದಲ್ವಾ ಅಂತ ನೀನು ಕೇಳದೆ ಬಿಡುವವಳಲ್ಲ. ಕೊಟ್ಟರೆ ನೇರ ದಾರಿಯಲ್ಲಿ ತಾಪತ್ರಯ. ಸ್ವಲ್ಪ ಪಕ್ಕಕ್ಕೆ ಜರುಗಿದ ಜೋಡಿಯನ್ನು ಇದೇ ಓರೆ ನಡುವಿಗೆ ತಿರುಗಿಸುತ್ತದೆ, ಆದರೆ ಅದು ನಡುವನ್ನು ದಾಟಿ ಆಚೆ ಹೋಗುತ್ತದೆ, ಮತ್ತೆ ಈಚೆ ಬರುತ್ತದೆ. ಈ ಓಲಾಟಕ್ಕೆ ಹಂಟಿಂಗ್ ಅನ್ನುತ್ತಾರೆ. ಜರ್ಮನಿಯ ಎಂಜಿನಿಯರ್ ಕ್ಲಿಂಗೆಲ್ 1883ರಲ್ಲೇ ಇದರ ಲೆಕ್ಕ ಕೊಟ್ಟ. ಓರೆ ಹೆಚ್ಚಿದಷ್ಟೂ ಓಲಾಟ ಪದೇ ಪದೇ ಆಗುತ್ತದೆ. ವೇಗ ಜಾಸ್ತಿಯಾದರೆ ಅದು ಅಪಾಯವೇ. ಜಪಾನಿನವರು 1964ರ ಶಿಂಕಾನ್ಸೆನ್ ಬುಲೆಟ್ ರೈಲಿನ ಗಾಲಿಗೆ ಬರೀ 40ಕ್ಕೆ 1 ಓರೆ ಇಟ್ಟಿದ್ದು ಅದಕ್ಕೇ.

ನನ್ನ ಮಾತನ್ನು ಸುಮ್ನೆ ನಂಬಬೇಡ. ಎರಡು ಕಾಗದದ ಲೋಟಗಳನ್ನು ಬಾಯಿಗೆ ಬಾಯಿ ಕೂಡಿಸಿ ಅಂಟಿಸು. ಎರಡು ಉದ್ದ ಕೋಲುಗಳನ್ನು ಅಕ್ಕಪಕ್ಕ ಇಟ್ಟು, ಸ್ವಲ್ಪ ಇಳಿಜಾರು ಮಾಡಿ ಉರುಳಿಸು. ಆಮೇಲೆ ಇನ್ನೆರಡು ಲೋಟ ತಗೊಂಡು ತಳಕ್ಕೆ ತಳ ಅಂಟಿಸಿ ಉರುಳಿಸು. ಯಾವುದು ಬಿತ್ತು, ಯಾಕೆ ಬಿತ್ತು ಅಂತ ನನಗೆ ಬರಿ.

ನಿನ್ನ
ಅಪ್ಪ